ಹಿಂಡಿ ತಿಂದು ನೋಡುವವರು

ನಮ್ಮಪ್ಪ ದನದ ಹಿಂಡಿ ತಿನ್ನುತ್ತಿದ್ದರು. ಹೀಗೆ ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಮಾರ್ಕೆಟ್ಟಿನ ಗದ್ದಲ ಕೇಳುವಷ್ಟು ಹತ್ತಿರದಲ್ಲಿ ನಮ್ಮ ಹಿಂಡಿ ಬೂಸಾ ಅಂಗಡಿ ಇತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ, ಹತ್ತಿಕಾಳಿನ ಹಿಂಡಿ, ಗೋಧಿ ಬೂಸಾ, ಅಕ್ಕಿ ತೌಡು, ಹುರುಳಿ ನುಚ್ಚು, ಕಲ್ಲುಪ್ಪು, ಹಸು ಎಮ್ಮೆ ಸಾಕಿದವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಹೊಸ ಲೋಡು ಬಂದ ದಿನ ಅಪ್ಪಾಜಿ ನಡುವಿನ ಒಂದು ಚೀಲ ಬಿಚ್ಚಿಸಿ, ಅದರೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಚೂರು ಹಿಂಡಿ ತೆಗೆಯುತ್ತಿದ್ದರು. ಬಾಯಿ ಮುಕ್ಕಳಿಸಿ, ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ನುಂಗಿ ತಲೆ ಆಡಿಸಿದರೆ ಲೋಡು ಒಳಗೆ. ಪಕ್ಕಕ್ಕೆ ಉಗಿದರೆ ಲಾರಿ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತಿತ್ತು.

ಲಿಂಗಪೂಜೆ ಆಗದೆ ಒಂದು ಲೋಟ ಕಾಫಿ ಮುಟ್ಟದ ಮನುಷ್ಯ ಅವರು. ಹೋಟೆಲಿನ ಇಡ್ಲಿ ತಿಂದವರಲ್ಲ. ಮದುವೆ ಮನೆಗೆ ಹೋದರೂ ಅಡುಗೆಯವರು ಯಾರು ಎಂದು ವಿಚಾರಿಸಿಕೊಂಡು ಎಲೆಯ ಮುಂದೆ ಕೂರುವವರು. ಅಂಥವರು ದನದ ಮೇವನ್ನು ಕಣ್ಣು ಮುಚ್ಚಿ ಅಗಿಯುವುದನ್ನು ನೋಡಿ ನಮ್ಮಮ್ಮ ಬದುಕಿದ್ದಷ್ಟು ದಿನ ರೇಗಿಸುತ್ತಿದ್ದರು. "ನನ್ ಸಾರಿಗೆ ಹೆಸರಿಡ್ತೀರ, ಹಿಂಡಿ ಮಾತ್ರ ಚಪ್ಪರಿಸ್ಕೊಂಡು ತಿಂತೀರ. ನಾಳೆಯಿಂದ ತಟ್ಟೆಗೆ ಅದನ್ನೇ ಬಡಿಸ್ತೀನಿ ಬಿಡಿ." ಅಪ್ಪಾಜಿ ನಗುತ್ತಿರಲಿಲ್ಲ. ಮೂಕಪ್ರಾಣಿ ತನ್ನ ಕಲಗಚ್ಚಿನ ಬಾನಿಗೆ ಏನು ಬಿತ್ತು ಎಂದು ಕೇಳುವ ಹಾಗಿಲ್ಲ, ಅದಕ್ಕೆ ಯಾರಾದರೂ ಮೊದಲು ತಿಂದು ನೋಡಬೇಕು ಎನ್ನುತ್ತಿದ್ದರು. ಅವರಿಗೆ ಅದು ಪೂಜೆಯಷ್ಟೇ ಗಂಭೀರವಾದ ಕೆಲಸವಾಗಿತ್ತು.

ಆ ನಾಲಿಗೆ ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ಮರಳು ಬೆರೆಸಿದ್ದರೆ ಹಲ್ಲಿಗೆ ಸಿಗುತ್ತಿತ್ತು. ಹಳೇ ಹಿಂಡಿಯ ಕಮಟು, ಹರಳೆಣ್ಣೆ ಬೀಜದ ಹಿಂಡಿ ಬೆರೆಸಿದ್ದರೆ ಗಂಟಲಲ್ಲಿ ಉಳಿಯುವ ಉರಿ, ಯೂರಿಯಾ ಹಾಕಿದ್ದರೆ ನಾಲಿಗೆ ಮೇಲೆ ಒಂದು ಬಗೆಯ ತಣ್ಣನೆ ಚುರುಚುರು, ಎಲ್ಲವೂ ಅವರಿಗೆ ತಿಳಿಯುತ್ತಿತ್ತು. ಬೂಷ್ಟು ಹಿಡಿದ ಹಿಂಡಿ ಮೊದಲು ಸಿಹಿ ಅನ್ನಿಸಿ, ನುಂಗುವ ಹೊತ್ತಿಗೆ ಹಿಂದೆಲ್ಲೋ ಕಹಿಯಾಗುತ್ತದಂತೆ. ಅನುಮಾನ ಬಂದರೆ ಒಂದು ಚೀಲಕ್ಕೆ ಬಿಡುತ್ತಿರಲಿಲ್ಲ, ಐದಾರು ಚೀಲದಿಂದ ತೆಗೆದು ನುಂಗಿಯೇ ನೋಡುತ್ತಿದ್ದರು. ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಅವರು ಹೆಚ್ಚು ತಿಂದದ್ದು ಎಂದು ನನಗೆ ಹೊಳೆಯುವ ಹೊತ್ತಿಗೆ ಬಹಳ ತಡವಾಗಿತ್ತು.

ನಾನು ಗಲ್ಲಾ ಮೇಲೆ ಕೂತದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮದುವೆ ಮಾಡಿ ಕಳಿಸಿದ್ದರು, ವರ್ಷ ತುಂಬುವ ಮೊದಲೇ ವಾಪಸ್ಸು ಬಂದೆ. ಅದರ ಕಥೆ ಇಲ್ಲಿ ಬೇಡ. ಬಂದ ವರ್ಷವೇ ಅಮ್ಮ ತೀರಿಕೊಂಡರು. ಮನೆಯಲ್ಲಿ ಕೂತು ನೆಂಟರಿಷ್ಟರ ಲೊಚಗುಟ್ಟುವಿಕೆ ಕೇಳುವುದಕ್ಕಿಂತ ಬೂಸಾದ ಧೂಳು ವಾಸಿ ಅನ್ನಿಸಿತು. ನನ್ನ ಸಿಟ್ಟು ಅಪ್ಪಾಜಿಯ ಸಿಟ್ಟೇ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತರೆ ಗಿರಾಕಿ ನಿಲ್ಲುತ್ತಾರೆಯೇ ಎಂದು ಗಲ್ಲಿಯವರು ತಮಾಷೆ ಮಾಡಿದರು. ಗಿರಾಕಿ ನಿಂತರು. ಯಾಕೆಂದರೆ ಅವರು ಬರುತ್ತಿದ್ದದ್ದು ನಮ್ಮ ನಗುಮುಖ ನೋಡಲಿಕ್ಕಲ್ಲ.

ಊರೊಳಗೆ ಆಗ ಎಷ್ಟೊಂದು ಹಸುಗಳಿದ್ದವು ಎಂದು ಈಗಿನವರಿಗೆ ನಂಬಿಕೆ ಬರುವುದಿಲ್ಲ. ಮನೆ ಹಿಂದಿನ ಶೀಟಿನ ಕೊಟ್ಟಿಗೆಗಳಲ್ಲಿ, ಖಾಲಿ ಸೈಟುಗಳಲ್ಲಿ, ಮೋರಿ ಪಕ್ಕದ ಮರಗಳ ಕೆಳಗೆ. ಕುವೆಂಪುನಗರದ ಹೊಸ ಮನೆಗಳ ಗೃಹಪ್ರವೇಶಕ್ಕೂ ಈ ಹಸುಗಳೇ ಹೋಗುತ್ತಿದ್ದವು, ಬೆಳಗಿನ ಕಾಫಿಗೂ ಇವುಗಳದ್ದೇ ಹಾಲು. ಸಾಕುವವರು ಹೆಚ್ಚಾಗಿ ಹೆಂಗಸರು. ಅವರು ಅಪ್ಪಾಜಿಯ ಹತ್ತಿರ ಹಿಂಡಿ ಕೊಳ್ಳುವುದಷ್ಟೇ ಅಲ್ಲ, ಹಸುವಿನ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಹಾಲು ನೀರಾಗಿದೆ, ಗಬ್ಬ ನಿಲ್ಲುತ್ತಿಲ್ಲ, ಸಗಣಿ ತೆಳ್ಳಗಾಗಿದೆ. ಅಪ್ಪಾಜಿ ಕೇಳಿಸಿಕೊಂಡು, ತೌಡು ಕಡಿಮೆ ಮಾಡು, ಹಿಂಡಿಯನ್ನು ರಾತ್ರಿಯೇ ನೆನೆಹಾಕು, ಒಂದು ಹಿಡಿ ಉಪ್ಪು ತಪ್ಪಿಸಬೇಡ ಎಂದು ಹೇಳಿ, ಹೇಳಿದಷ್ಟನ್ನೇ ತೂಗಿ ಕೊಡುತ್ತಿದ್ದರು. ಹೆಚ್ಚು ಕೇಳಿದರೆ ಬೈಯುತ್ತಿದ್ದರು. ಇಷ್ಟೆಲ್ಲ ಬೈಸಿಕೊಂಡೂ ಜನ ಯಾಕೆ ಬರುತ್ತಾರೆ ಎಂದು ನಾನು ಮೊದಮೊದಲು ಆಶ್ಚರ್ಯಪಟ್ಟಿದ್ದೆ.

ಅವರಲ್ಲಿ ಬನ್ನಿಮಂಟಪದ ಒಬ್ಬ ಹಾಲಿನಮ್ಮ ಇದ್ದಳು. ಹಳ್ಳಿಯ ಬೇಸಾಯದ ಮನೆಯಿಂದ ಗಂಡನ ಗಾರೆ ಕೆಲಸಕ್ಕೆಂದು ಊರಿಗೆ ಬಂದವಳು. ಗಂಡ ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ, ತವರಿನಿಂದ ಒಂದು ಕರು ಹೊಡೆದುಕೊಂಡು ಬಂದು ಸಾಕಿದಳು. ನಾನು ಕಂಡಾಗ ಅವಳ ಹತ್ತಿರ ಮೂರು ಹಸು ಇದ್ದವು. ಅದರಲ್ಲಿ ಒಂದು ಕಪ್ಪು ಬಿಳುಪಿನ ಸೀಮೆಹಸು, ಆ ಮನೆಯನ್ನು ನಿಲ್ಲಿಸಿದ್ದು ಅದೇ. ಗಂಡನ ಔಷಧಿ, ಮನೆ ಬಾಡಿಗೆ, ಮಗಳ ಸ್ಕೂಲು ಎಲ್ಲ ಆ ಒಂದು ಕೆಚ್ಚಲಿನಿಂದ ಬರಬೇಕು. ಇದನ್ನವಳು ಅಳುತ್ತ ಹೇಳಿದವಳಲ್ಲ, ಚೀಲ ತಲೆಗೇರಿಸಿಕೊಳ್ಳುತ್ತ ಹೇಳಿದವಳು. ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಕಣ್ಣು ತೆಗೆಯುತ್ತಿರಲಿಲ್ಲ. "ಇನ್ನೊಂದು ಹಿಡಿ ಆಕವ್ವ, ನಿಮ್ಮಪ್ಪಾಜಿ ಏನು ಬಡವಾಗಕಿಲ್ಲ" ಎಂದು ನನ್ನನ್ನು ಕೆಣಕುತ್ತಿದ್ದಳು. ನನಗೆ ಆಕೆಯನ್ನು ಕಂಡರೆ ಇಷ್ಟ. ಅದನ್ನು ಒಮ್ಮೆಯೂ ತೋರಿಸಿಕೊಳ್ಳದೆ, ಬೇಕೆಂದೇ ಅರ್ಧ ಹಿಡಿ ಹಾಕುತ್ತಿದ್ದೆ.

ದಶಕ ಮುಗಿಯುವ ಹೊತ್ತಿಗೆ ಹಿಂಡಿಯ ರೇಟು ಹುಚ್ಚೆದ್ದು ಕುಣಿಯತೊಡಗಿತು. ಚಳ್ಳಕೆರೆ ಕಡೆಯ ಮಿಲ್ಲುಗಳಿಗೆ ಫೋನು ಮಾಡಿದರೆ ಬೆಳಗ್ಗೆ ಹೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಹಿಂಡಿ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದೆ, ಕೋಳಿ ಫಾರಮ್ಮಿನವರು ಲಾರಿಗಟ್ಟಲೆ ಎತ್ತುತ್ತಿದ್ದಾರೆ ಎನ್ನುತ್ತಿದ್ದರು. ಹಾಲಿನ ರೇಟು ಮಾತ್ರ ಮಲಗಿದಲ್ಲಿಂದ ಏಳಲಿಲ್ಲ. ಹೆಂಗಸರು ಹಿಂಡಿ ಕಡಿಮೆ ಮಾಡಿ ತೌಡು ಹೆಚ್ಚಿಸಿದರು, ಆಮೇಲೆ ತೌಡನ್ನೂ ಕಡಿಮೆ ಮಾಡಿದರು. ಮಾರ್ಕೆಟ್ಟಿನಲ್ಲಿ ಎಸೆದ ಕೋಸಿನೆಲೆಗೆ ಕಿತ್ತಾಟ ಶುರುವಾಯಿತು. ಛತ್ರಗಳ ಹಿಂಬಾಗಿಲಲ್ಲಿ ಮಿಕ್ಕ ಅನ್ನಕ್ಕೆ ಬಕೆಟ್ಟು ಹಿಡಿದು ಕಾಯುತ್ತಿದ್ದರು. ಒಬ್ಬಾಕೆಯ ಎಮ್ಮೆ ಬಿಸಿಬೇಳೆಬಾತು ತಿಂದು ಹೊಟ್ಟೆ ಉಬ್ಬರಿಸಿಕೊಂಡು ಸತ್ತಿತು. ಅಪ್ಪಾಜಿ ಆಕೆಯನ್ನು ಅಂಗಡಿಯೆದುರೇ ಬೈದರು, ಬೈದು ಒಳಗೆ ಹೋಗಿ ಚೀಲದ ಮೇಲೆ ಸುಮ್ಮನೆ ಕೂತರು.

ಆಗಲೇ ಹರಳು ಹರಳಾದ ರೆಡಿಮೇಡು ಪಶು ಆಹಾರ ಬರತೊಡಗಿದ್ದು. ಚೀಲದ ಮೇಲೆ ಪ್ರೋಟೀನು ಎಷ್ಟು, ಕೊಬ್ಬು ಎಷ್ಟು ಎಂದು ಅಚ್ಚು ಹಾಕಿಸಿರುತ್ತಿದ್ದರು. ಅದನ್ನು ಇಡೋಣ ಎಂದು ನಾನು ಅಂದೆ. "ಅಚ್ಚು ಹಾಕ್ದೋನು ತಿಂದು ನೋಡಿದ್ನೇನಮ್ಮ?" ಎಂದರು ಅಪ್ಪಾಜಿ. ಅಲ್ಲಿಗೆ ಮಾತು ಮುಗಿಯಿತು.

ಅದೇ ವರ್ಷ ಒಂದು ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ನನಗೆ ಗೊತ್ತಾದದ್ದು ನಾನು ಊಟಕ್ಕೆ ಕೂತಾಗ. ಅಷ್ಟು ಹೊತ್ತಿಗೆ ಅಪ್ಪಾಜಿ ಎರಡು ಸಲ ಹಾಕಿಸಿಕೊಂಡು ಉಂಡು ಎದ್ದಾಗಿತ್ತು. ಒಗ್ಗರಣೆಯ ಸಾಸಿವೆ ಒಂದಿಷ್ಟು ಸೀದರೆ ತಟ್ಟೆ ಸರಿಸುತ್ತಿದ್ದ ಮನುಷ್ಯ. ತುತ್ತು ಕೈಯಲ್ಲೇ ಉಳಿಯಿತು. ಮಾರನೆಯ ದಿನ ಬೇಕೆಂದೇ ಹಾಗಲಕಾಯಿಯನ್ನು ಹುಳಿ ಬೆಲ್ಲ ಏನೂ ಹಾಕದೆ ಬೇಯಿಸಿ ಬಡಿಸಿದೆ. ಅದನ್ನೂ ಉಂಡರು. ಅವರ ಕಣ್ಣಿನ ಬಿಳಿ ಹಳದಿಗೆ ತಿರುಗಿರುವುದು ನನ್ನ ಗಮನಕ್ಕೆ ಬಂದದ್ದೂ ಅವತ್ತೇ.

"ಅಪ್ಪಾಜಿ, ನಿಮ್ ನಾಲಿಗೆಗೆ ರುಚಿ ಗೊತ್ತಾಗ್ತಿದ್ಯಾ?" ಎಂದು ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

ಅವರು ಕೈ ತೊಳೆಯುತ್ತಿದ್ದವರು ತಿರುಗಿ ನೋಡಲಿಲ್ಲ. "ಕಾಮಾಲೆ ಇರ್ಬೇಕು. ಸೊಪ್ಪಿನ ಔಷಧಿ ತಗೊಂಡ್ರೆ ಸರಿಯಾಗುತ್ತೆ" ಎಂದರು.

"ಅಲ್ಲಿವರೆಗೂ ಹಿಂಡಿ ತಿಂದು ನೋಡೋರು ಯಾರು? ಲ್ಯಾಬಿಗಾದ್ರೂ ಕಳಿಸೋಣ."

"ಲ್ಯಾಬಿನ ಚೀಟಿ ತೋರಿಸಿದ್ರೆ ಆ ಹೆಣ್ಮಕ್ಕಳಿಗೆ ಓದೋಕೆ ಬರುತ್ತೇನು? ಅವರು ನನ್ನ ಮುಖ ನೋಡಿ ಚೀಲ ಎತ್ತೋದು. ಇದು ಹೊರಗೆ ಹೋಗ್ಕೂಡದು." ಆಮೇಲೆ ದನಿ ಇಳಿಸಿ ಹೇಳಿದರು, "ವಾಪಸ್ ಬರುತ್ತೆ ಕಣಮ್ಮ. ಎಲ್ಲಿ ಹೋಗುತ್ತೆ ನಾಲಿಗೆ ರುಚಿ?"

ಸೊಪ್ಪಿನ ಔಷಧಿ ಕುಡಿದರು. ಪಥ್ಯ ಮಾಡಿದರು. ರುಚಿ ಬರಲಿಲ್ಲ. ಆದರೆ ಲೋಡು ಬರುತ್ತಲೇ ಇತ್ತು, ಜನ ಬಂದು ಸುತ್ತ ನಿಲ್ಲುತ್ತಲೇ ಇದ್ದರು. ಅವರಿಗೆ ಅಪ್ಪಾಜಿ ಅಗಿಯುವುದನ್ನು ಕಣ್ಣಾರೆ ನೋಡದೆ ಚೀಲ ಎತ್ತುವ ಅಭ್ಯಾಸವೇ ಇರಲಿಲ್ಲ. ಅಪ್ಪಾಜಿ ಮೊದಲಿನ ಹಾಗೆಯೇ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ, ಅಗಿದು, ತಲೆ ಆಡಿಸುತ್ತಿದ್ದರು. ಒಳಗೆ ಏನೂ ಇಲ್ಲದ ಆ ತಲೆ ಆಡಿಸುವಿಕೆಯನ್ನು ನಾನು ಗಲ್ಲಾದಿಂದ ನೋಡುತ್ತಿದ್ದೆ. ಕೈಯಿಂದ ಉಜ್ಜಿ, ಮೂಸಿ, ಮುರಿದು ಸದ್ದು ಕೇಳಿ ಹೇಗೋ ಕೆಲವು ಲೋಡುಗಳನ್ನು ದಾಟಿಸಿದರು. ಮನೆಯಲ್ಲಿ ನಾವಿಬ್ಬರೂ ಮಾತು ಕಡಿಮೆ ಮಾಡಿದೆವು.

ಆ ಮಳೆಗಾಲದಲ್ಲಿ ಹಿಂಡಿಗೆ ಬರ ಬಂದಿತ್ತು. ವಾರಗಟ್ಟಲೆ ಚೀಲವಿಲ್ಲ, ಸಿಕ್ಕರೂ ಮುಟ್ಟುವ ಹಾಗಿಲ್ಲ. ಅಂಥದ್ದರಲ್ಲಿ ಒಬ್ಬ ದಳ್ಳಾಳಿ ಎಲ್ಲರಿಗಿಂತ ಕಡಿಮೆ ರೇಟಿಗೆ ಒಂದು ಲೋಡು ಕಳಿಸುತ್ತೇನೆಂದ. ಲಾರಿ ಬಂದಾಗ ಟಾರ್ಪಾಲಿನಿಂದ ನೀರು ಸೋರುತ್ತಿತ್ತು. ಸುದ್ದಿ ತಿಳಿದು ಹೆಂಗಸರು ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಹಾಲಿನಮ್ಮನೂ ಇದ್ದಳು. ಸೀಮೆಹಸು ತುಂಬು ಗಬ್ಬ, ಇನ್ನೊಂದು ತಿಂಗಳಿಗೆ ಕರು ಹಾಕಬೇಕು, ಈಗ ಹೊಟ್ಟೆಗೆ ಕಡಿಮೆಯಾದರೆ ಹಾಲು ಇಳಿಯುವುದಿಲ್ಲ ಎಂದು ಅವಳ ಚಡಪಡಿಕೆ. ಒಂದು ಚೀಲ ಬಿಚ್ಚಿದ್ದೇ ತಡ, ನನ್ನ ಮೂಗಿಗೆ ಮುಗ್ಗಲು ವಾಸನೆ ಬಡಿಯಿತು. ಹಿಂಡಿಯ ಅಂಚಿನಲ್ಲಿ ಹಸಿರು ಮಿಶ್ರಿತ ಬೂದು ಬಣ್ಣ ಇತ್ತು.

"ಮುಗ್ಗಿದೆ ಅಪ್ಪಾಜಿ, ವಾಪಸ್ ಕಳಿಸಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅಪ್ಪಾಜಿ ಕಾಯುತ್ತಿದ್ದ ಮುಖಗಳನ್ನು ನೋಡಿದರು, ನನ್ನನ್ನು ನೋಡಿದರು. "ಮೇಲ್ಗಡೆ ಚೀಲಕ್ಕೆ ನೀರು ತಾಗಿದೆ ಅಷ್ಟೆ. ನೀನು ಗಲ್ಲಾ ನೋಡ್ಕೊ" ಎಂದು ಕೆಳಗಿನ ಚೀಲವೊಂದನ್ನು ಬಿಚ್ಚಿಸಿದರು. ಚೂರು ತೆಗೆದು ಬಾಯಿಗೆ ಹಾಕಿಕೊಂಡರು. ಅವತ್ತು ಅಗಿದಷ್ಟು ಹೊತ್ತು ಅವರು ಎಂದೂ ಅಗಿದವರಲ್ಲ. ಮುಖದಲ್ಲಿ ಏನೋ ಹುಡುಕಾಟ ಇತ್ತು. ಕೊನೆಗೆ ನುಂಗಿ, ತಲೆ ಆಡಿಸಿದರು.

ನಾನು ಗಲ್ಲಾ ಬಿಟ್ಟು ಎದ್ದು ಬಂದೆ. "ಅಕ್ಕ, ತಗೋಬೇಡಿ. ಅವರಿಗೆ ಕಾಮಾಲೆ, ಬಾಯಿರುಚಿ ಕೆಟ್ಟಿದೆ" ಎಂದು ಹಾಲಿನಮ್ಮನ ಕೈ ಹಿಡಿದೇ ಹೇಳಿದೆ. ಅಪ್ಪಾಜಿಯ ಮುಖ ಕಪ್ಪಿಟ್ಟಿತು. ಅವಳು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಅಪ್ಪ ಮಗಳ ಜಗಳ ಆ ಗಲ್ಲಿಗೆ ಹೊಸದಲ್ಲ. ಕೈ ಬಿಡಿಸಿಕೊಂಡು ನಕ್ಕಳು. "ಅಯ್ಯೋ ಬುಡವ್ವ. ಯಜಮಾನ್ರು ತಿಂದಿದ್ದ ನಮ್ಮಸ ತಿಂದ್ರೆ ಏನಾದದು? ಅವರ ಬಾಯ್ಗಿಂತ ನಮ್ಮಸಿನ ಬಾಯಿ ದೊಡ್ಡದಾ?" ಚೀಲ ಎತ್ತಿಕೊಂಡು ಹೊರಟಳು. ಉಳಿದವರು ಹಿಂದುಮುಂದು ನೋಡಿ, ಕೆಲವರು ತಗೊಂಡರು, ಕೆಲವರು ನನ್ನ ಮುಖ ನೋಡಿ ಬಿಟ್ಟರು. ಅವತ್ತು ರಾತ್ರಿ ಅಪ್ಪಾಜಿ ಊಟ ಮಾಡಲಿಲ್ಲ, ನಾನೂ ಬಡಿಸಲಿಲ್ಲ.

ಮೊದಲು ಹಾಲು ಕಡಿಮೆಯಾಯಿತು ಎಂದು ಒಬ್ಬಾಕೆ ಬಂದಳು. ಆಮೇಲೆ ಇನ್ನೊಬ್ಬಳು, ಹಸು ಬಾನಿಗೆ ಬಾಯಿಡುತ್ತಿಲ್ಲ ಎಂದು. ಅಪ್ಪಾಜಿ ಉಳಿದ ಚೀಲಗಳನ್ನು ಮಾರದೆ ಹಿಂದಕ್ಕೆ ಒಟ್ಟಿಸಿದರು. ಬನ್ನಿಮಂಟಪದ ಹಾಲಿನಮ್ಮನಿಗೆ ಹೇಳಿ ಕಳಿಸಿದರು, ಹಿಂಡಿ ನಿಲ್ಲಿಸು ಎಂದು. ಹೇಳಿ ಕಳಿಸುವ ಹೊತ್ತಿಗೆ ಚೀಲ ತಳ ಕಂಡಿತ್ತು. ಗಬ್ಬದ ಹಸು ಎಂದು ಅವಳು ಉಳಿದೆರಡರ ಪಾಲನ್ನೂ ಅದಕ್ಕೇ ಹಾಕಿದ್ದಳು.

ಅವಳು ಬಂದದ್ದು ಒಂದು ಬೆಳಗ್ಗೆ, ಅಂಗಡಿ ತುಂಬ ಜನ ಇದ್ದಾಗ. ತಲೆಯ ಮೇಲೆ ಪುಟ್ಟ ಬುಟ್ಟಿ. ಅಳುತ್ತ ಬರುತ್ತಾಳೆ, ಬೈಯುತ್ತ ಬರುತ್ತಾಳೆ ಎಂದು ನಾನು ಕಾದಿದ್ದೆ, ಎರಡೂ ಇರಲಿಲ್ಲ. ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಂದಾಕ್ಬುಡ್ತು ಯಜಮಾನ್ರೆ. ಎಣ್ಗರ. ಅದಾದ್ ಮ್ಯಾಕೆ ತಾಯೂ ಏಳ್ನಿಲ್ಲ. ನೆನ್ನೆ ಸಂಜೀಕೆ ಓಗ್ಬುಡ್ತು" ಎಂದಳು. ಸೀಮೆಹಸು ದಿನ ತುಂಬದ ಹೆಣ್ಣುಗರು ಹಾಕಿ, ತಾನೂ ಸತ್ತಿತ್ತು. ದನದ ಡಾಕ್ಟರು ಬಂದು ನೋಡಿ ಬೂಷ್ಟಿನ ಹಿಂಡಿ ಎಂದಿದ್ದರಂತೆ. ಅವಳು ಅದನ್ನು ನಂಬಿರಲಿಲ್ಲ. ನಮ್ಮ ಯಜಮಾನರು ತಿಂದು ಕೊಟ್ಟದ್ದು ಎಂದು ಡಾಕ್ಟರ ಜೊತೆಗೇ ಜಗಳವಾಡಿ ಕಳಿಸಿದ್ದಳು. ಬುಟ್ಟಿಯಲ್ಲಿ ಇದ್ದದ್ದು ಚೀಲದ ತಳದಲ್ಲಿ ಉಳಿದ ಚೂರುಗಳು.

"ಇದ್ನ ಇನ್ನೊಂದ್ಸಲ ತಿಂದು ಯೋಳಿ" ಎಂದಳು. "ನೀವು ಸರಿಗೈತೆ ಅಂದ್ರೆ ನಾನು ಇನ್ಯಾರ್ನೂ ಕೇಳಕಿಲ್ಲ. ಅಣೇಲಿ ಬರ್ದಿತ್ತು ಅಂದ್ಕತೀನಿ."

ಅಪ್ಪಾಜಿ ಎದ್ದು ಬಂದರು. ಪಂಚೆಯ ಒಳಗಿಂದ ಅವರ ಕಾಲುಗಳು ಎಷ್ಟು ತೆಳ್ಳಗಾಗಿದ್ದವು ಎಂದು ಆಗ ಕಂಡಿತು. ಬುಟ್ಟಿಯಿಂದ ಚೂರು ತೆಗೆದು ಬಾಯಿಗೆ ಹಾಕಿಕೊಂಡರು. ಬಾಯಿ ಮುಕ್ಕಳಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಅವಳ ಮುಖವನ್ನೇ ನೋಡುತ್ತ ಅಗಿದರು. ಹಸಿರು ಬೂಷ್ಟು ಎಲ್ಲರಿಗೂ ಕಾಣುತ್ತಿತ್ತು, ವಾಸನೆ ಎಲ್ಲರಿಗೂ ಬರುತ್ತಿತ್ತು. ತಲೆ ಆಡಿಸಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಆಡಿಸಿದ್ದರೆ ಆಕೆ ಹೋಗಿಬಿಡುತ್ತಿದ್ದಳು, ಅವರ ಮಾನ ಉಳಿಯುತ್ತಿತ್ತು.

"ನಂಗೆ ಗೊತ್ತಾಗ್ತಿಲ್ಲ ಕಣವ್ವ" ಎಂದರು ಅಪ್ಪಾಜಿ. "ಮಣ್ಣು ಹಾಕ್ಕೊಂಡ್ರೂ ಅಷ್ಟೆ, ಸಕ್ಕರೆ ಹಾಕ್ಕೊಂಡ್ರೂ ಅಷ್ಟೆ. ರುಚಿ ಹೋಗಿ ತುಂಬ ದಿನ ಆಯ್ತು. ನನ್ ಮಗಳು ಅವತ್ತು ಹೇಳಿದ್ದು ನಿಜ."

ಅವಳು ಬುಟ್ಟಿಯನ್ನು ಎತ್ತಿಕೊಂಡಳು. ಶಾಪ ಹಾಕುತ್ತಾಳೆ ಅಂದುಕೊಂಡೆ. ಹಾಕಿದ್ದರೆ ಅಪ್ಪಾಜಿಗೆ ನೆಮ್ಮದಿಯಾಗುತ್ತಿತ್ತೋ ಏನೋ.

"ಅಂಗಂತ ಒಂದ್ ಮಾತು ಯೋಳಿದ್ರೆ ನಾನೇ ತಿಂದು ನೋಡ್ತಿದ್ನಲ್ಲ ಯಜಮಾನ್ರೆ" ಎಂದಳು. "ನಂಗೆ ನಾಲ್ಗೆ ಇರ್ನಿಲ್ವ?"

ಬುಟ್ಟಿಯನ್ನು ಅಲ್ಲೇ ಮೋರಿಗೆ ಬಗ್ಗಿಸಿ, ಖಾಲಿ ಬುಟ್ಟಿ ಹಿಡಿದುಕೊಂಡು ಹೋದಳು. ಅಪ್ಪಾಜಿ ಆ ದಿನವೇ ಉಳಿದ ಚೀಲಗಳನ್ನೆಲ್ಲ ಗೊಬ್ಬರಕ್ಕೆ ಸಾಗಿಸಿದರು. ಬನ್ನಿಮಂಟಪಕ್ಕೆ ಗಾಡಿಯಲ್ಲಿ ಗೋಧಿ ಬೂಸಾ ಕಳಿಸಿಕೊಟ್ಟರು. ಅವಳು ಬೇಡ ಎನ್ನಲಿಲ್ಲ. ಉಳಿದ ಎರಡು ಹಸುಗಳಿಗೆ ಹೊಟ್ಟೆ ಇತ್ತಲ್ಲ. ಅದರಲ್ಲಿ ಒಂದನ್ನು ಬಾಡಿಗೆ ಕಟ್ಟಲಾಗದೆ ಆ ದಸರಾ ಕಳೆಯುವಷ್ಟರಲ್ಲಿ ಮಾರಿದಳು, ಮಗಳನ್ನು ಸ್ಕೂಲು ಬಿಡಿಸಿದಳು ಎಂದು ಆಮೇಲೆ ತಿಳಿಯಿತು. ತಿಳಿದ ದಿನ ನಾನು ಅಪ್ಪಾಜಿಗೆ ಹೇಳಬಾರದ ಮಾತುಗಳನ್ನೆಲ್ಲ ಹೇಳಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ದರು.

ಹೊಟ್ಟೆ ಊದಿಕೊಂಡ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಸ್ಕ್ಯಾನಿಂಗ್ ನೋಡಿದ ಡಾಕ್ಟರು, ಮಂಚದ ಸುತ್ತ ನೆಂಟರೆಲ್ಲ ನಿಂತಿದ್ದಾಗಲೇ, "ಎಷ್ಟು ವರ್ಷದಿಂದ ಕುಡೀತಿದಾರೆ?" ಎಂದು ಕೇಳಿದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಎದೆಯ ಮೇಲೆ ಲಿಂಗ. ನಮ್ಮ ಸೋದರತ್ತೆ ಕಿವಿ ಮುಚ್ಚಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪಾಜಿ ಮಲಗಿದ್ದಲ್ಲಿಂದ ಹೇಳಿದರು, "ಕುಡಿಯಲ್ಲ ಸ್ವಾಮಿ. ಹಿಂಡಿ ತಿಂತೀನಿ."

ಡಾಕ್ಟರು ನಕ್ಕರು. ಯಾರೂ ನಗದಿದ್ದದ್ದು ನೋಡಿ ನಿಲ್ಲಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಹೊರಗೆ ಕರೆದು, ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದರೆ ಅದರಲ್ಲಿ ಒಂದು ವಿಷ ಹುಟ್ಟುತ್ತದೆ, ಅದು ದನಕ್ಕೂ ಮನುಷ್ಯರಿಗೂ ಲಿವರನ್ನೇ ಹಿಡಿಯುತ್ತದೆ ಎಂದರು. ಲಿವರು ಕೆಟ್ಟರೆ ನಾಲಿಗೆಯ ರುಚಿ ಹೋಗುವುದೂ ಉಂಟಂತೆ. "ನಿಮ್ಮ ತಂದೆಯದ್ದು ಅದರಿಂದ್ಲೇ ಅಂತ ನಾನು ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ" ಎಂದು ಕನ್ನಡಕ ಒರೆಸಿಕೊಂಡರು. ಏನೂ ಮಾಡುವ ಹಾಗಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಿದರು.

ಇದನ್ನು ನಾನು ಅಪ್ಪಾಜಿಗೆ ತಿಳಿಸಿದೆ. "ಹಾಗಾದ್ರೆ ಆ ಹಸೂಗೂ ನಂಗೂ ಒಂದೇ ಕಾಯಿಲೆ ಅನ್ನು" ಎಂದರು. ಅವರು ತಲೆ ಆಡಿಸಿದರು, ಲೋಡು ಒಳಗೆ ತಗೊಳ್ಳುವಾಗಿನ ಹಾಗೆಯೇ. ಆಗ ನಾನು ಅತ್ತೆ. ನನ್ನ ಮದುವೆ ಮುರಿದಾಗಲೂ ಅಷ್ಟು ಅತ್ತಿರಲಿಲ್ಲ.

ಚಳಿಗಾಲ ಕಳೆಯುವ ಮೊದಲೇ ಹೋದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿ ಮುಚ್ಚುವಾಗ ಹಿಂದೆ ಇಬ್ಬರು ಪಿಸುಗುಟ್ಟುವುದು ಕೇಳಿಸಿತು. "ಲಿವರ್ ಅಂತೆ. ಒಳಗೊಳಗೇ ಹಾಕ್ತಿದ್ರೇನೋ, ಯಾರಿಗ್ ಗೊತ್ತು." ಅವತ್ತು ನನ್ನ ಸಿಟ್ಟು ಎಲ್ಲಿ ಹೋಗಿತ್ತೋ, ತಿರುಗಿ ನೋಡಲೂ ಆಗಲಿಲ್ಲ. ಹಾಲಿನಮ್ಮ ಬಂದಿದ್ದಳು. ಗುಂಪಿನ ಕೊನೆಗೆ ನಿಂತು, ಎಲ್ಲರೂ ಹಾಕಿದ ಮೇಲೆ ತಾನೂ ಒಂದು ಹಿಡಿ ಮಣ್ಣು ಹಾಕಿ ಹೋದಳು.

ಅಂಗಡಿ ಮುಚ್ಚು ಎಂದರು ನೆಂಟರು. ಮುಚ್ಚಲಿಲ್ಲ. ಪಶು ಆಹಾರದ ಚೀಲಗಳನ್ನು ತರಿಸಿದೆ. ಗೋಡೆಗೆ ಒಟ್ಟಿದ ಆ ಚೀಲಗಳ ಅಚ್ಚನ್ನು ಹೆಂಗಸರಿಗೆ ಓದಿ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ, ಇಂಡಿ ಯಾವಾಗ ಬತ್ತದೆ?" ಎನ್ನುತ್ತಿದ್ದರು. ಕೊನೆಗೆ ಚಳ್ಳಕೆರೆಯ ಹಳೇ ಮಿಲ್ಲಿಗೇ ಫೋನು ಮಾಡಿ, ಕೇಳಿದ ರೇಟು ಒಪ್ಪಿಕೊಂಡು ಒಂದು ಲೋಡು ತರಿಸಿದೆ. ಪಶು ಆಸ್ಪತ್ರೆಯ ಡಾಕ್ಟರು ಹೇಳಿಕೊಟ್ಟಂತೆ ಒಂದಿಷ್ಟನ್ನು ಲ್ಯಾಬಿಗೆ ಕಳಿಸುವುದು, ಚೀಟಿ ಬಂದ ಮೇಲೆ ಮಾರುವುದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಲಾರಿ ನಿಂತಿತು. ಚೀಲ ಇಳಿಯಿತು. ಹೆಂಗಸರು ಹಿಂದಿನ ಹಾಗೆಯೇ ಬಂದು ಸುತ್ತ ನಿಂತರು. ಚೀಲ ಬಿಚ್ಚಿದೆ, ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಅಪ್ಪಾಜಿ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಲ್ಯಾಬಿನ ಚೀಟಿ ಬರಲಿ, ಮುಂದಿನ ವಾರ ಬನ್ನಿ ಎಂದೆ. "ಮುಂದಿನ್ ವಾರದಗಂಟ ಅಸ ಏನು ತಿಂದದು?" ಎಂದಿತು ಒಂದು ದನಿ. ಹಾಲಿನಮ್ಮ. ಮಣ್ಣು ಮಾಡಿದ ದಿನದಿಂದ ಅವಳನ್ನು ನಾನು ಕಂಡಿರಲಿಲ್ಲ. ಅವಳ ಹತ್ತಿರ ಉಳಿದಿದ್ದದ್ದು ಒಂದೇ ಹಸು.

ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಚೂರು ಹಿಂಡಿ ತೆಗೆದಳು. ಅಂಗಡಿಯ ಬಿಂದಿಗೆಯಿಂದ ನೀರು ತಗೊಂಡು ಬಾಯಿ ಮುಕ್ಕಳಿಸಿದಳು. ಏನು ಮಾಡುತ್ತಿದ್ದಾಳೆ ಎಂದು ನನಗೆ ಹೊಳೆಯುವಷ್ಟರಲ್ಲಿ ಚೂರು ಬಾಯೊಳಗೆ ಹೋಗಿತ್ತು.

"ಉಗೀರಿ!" ನಾನು ಓಡಿ ಹೋಗಿ ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ಉಗೀರಿ ಅಕ್ಕ, ನುಂಗ್ಬೇಡಿ. ನಮ್ಮಪ್ಪ ಸತ್ತಿದ್ದು ಇದ್ರಿಂದ್ಲೇ ಇರ್ಬೋದು ಅಂತ ಡಾಕ್ಟ್ರು ಹೇಳಿದಾರೆ. ಇದರ ಬೂಷ್ಟು ಲಿವರ್ ತಿನ್ನುತ್ತೆ."

ಅವಳು ನನ್ನ ಕೈಯನ್ನು ಮೆಲ್ಲಗೆ ತೆಗೆದಳು. ಕಣ್ಣು ಮುಚ್ಚಿಕೊಂಡು ಅಗಿಯುತ್ತಲೇ ಇದ್ದಳು. "ಉಗುದ್ಬುಟ್ರೆ ಗೊತ್ತಾಗದು ಎಂಗವ್ವ?" ಎಂದು ಹೇಳಿ ನುಂಗಿದಳು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಗಂಟಲಿನ ಹಿಂದೆ ಕಹಿ ಬರುತ್ತದೆಯೇ ಎಂದು ಕಾದಳು. ಬರಲಿಲ್ಲವೆಂದು ಕಾಣುತ್ತದೆ, ತಲೆ ಆಡಿಸಿದಳು. ಸುತ್ತ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು, ತಾವು ಕೊಳ್ಳುವ ಚೀಲ ಬಿಚ್ಚಿ ಒಂದೊಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಾನು ತಕ್ಕಡಿ ಎತ್ತಿ ತೂಗತೊಡಗಿದೆ.